ವಾರಕ್ಕೆ ನಾಲ್ಕು ಪೌಂಡ್: ನೂರಿಪ್ಪತ್ತು ವರ್ಷದ ಹಿಂದಿನ ಇಂಗ್ಲಿಷ್ ಲೀಗ್ ಫುಟ್‌ಬಾಲ್ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರೀಮಿಯರ್ ಲೀಗ್ ನೋಡುವ ಗೆಳೆಯರ ಜೊತೆ ಕೂತಾಗ ನಾನು ಹಳೇ ಕಾಲದ ಕತೆ ತೆಗೆಯುತ್ತೇನೆ. ಮೊದಲು ಎಲ್ಲರೂ ನಗುತ್ತಾರೆ. ಆಮೇಲೆ ಒಬ್ಬೊಬ್ಬರೇ ಪ್ರಶ್ನೆ ಕೇಳಲು ಶುರು ಮಾಡುತ್ತಾರೆ. ಅದದೇ ಪ್ರಶ್ನೆಗಳಿಗೆ ಎಷ್ಟು ಸಲ ಅಂತ ಬಾಯಲ್ಲಿ ಹೇಳೋದು? ಒಂದು ಕಡೆ ಬರೆದಿಟ್ಟಿದ್ದೇನೆ. ಸುಮಾರು 1900ರಿಂದ 1925ರವರೆಗಿನ ಮಾತು ಇದು.

ಲೀಗ್ ಶುರುವಾಗಿದ್ದು 1888ರಲ್ಲಿ ಅಲ್ವಾ? ಮತ್ತೆ 1900ರಿಂದ ಯಾಕೆ?

ಹೌದು, 1888ರಲ್ಲೇ. ಬರ್ಮಿಂಗ್‌ಹ್ಯಾಮ್‌ನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ವಿಲಿಯಂ ಮೆಕ್‌ಗ್ರೆಗರ್ ಎಂಬ ಸ್ಕಾಟ್ಲೆಂಡಿನವರ ಐಡಿಯಾ ಅದು. ಆಸ್ಟನ್ ವಿಲ್ಲಾ ಕ್ಲಬ್ಬಿನ ಆಡಳಿತದಲ್ಲಿದ್ದರು. ಮೊದಲ ವರ್ಷ ಇದ್ದಿದ್ದು ಹನ್ನೆರಡೇ ತಂಡ. ಪ್ರೆಸ್ಟನ್ ನಾರ್ತ್ ಎಂಡ್ ಒಂದು ಪಂದ್ಯವನ್ನೂ ಸೋಲದೆ ಗೆದ್ದಿತು.

ಆದರೆ ನಾವು ಇವತ್ತು ನೋಡುವ ಲೀಗಿನ ಚಹರೆ ಮೂಡಿದ್ದು ಅದಾದ ಹತ್ತು ವರ್ಷಕ್ಕೆ. ಎರಡನೇ ಡಿವಿಷನ್, ಅಂದರೆ ಕೆಳಗಿನ ಹಂತ, 1892ರಲ್ಲಿ ಬಂತು. ಕೆಳಗಿನ ಎರಡು ತಂಡ ಇಳಿಯಬೇಕು, ಮೇಲಿನ ಎರಡು ಹತ್ತಬೇಕು ಅನ್ನುವ ನೇರ ನಿಯಮ 1898ರಲ್ಲಿ ಬಂತು. ಅಲ್ಲಿಯವರೆಗೆ ಅದಕ್ಕೆ ಬೇರೆ ಪರೀಕ್ಷಾ ಪಂದ್ಯ ಆಡಿಸುತ್ತಿದ್ದರು. 1905ಕ್ಕೆ ಎರಡೂ ಡಿವಿಷನ್‌ನಲ್ಲಿ ಇಪ್ಪತ್ತಿಪ್ಪತ್ತು ತಂಡ ಆದವು. ಇಳಿಯುವ ಭಯ ಬಂದ ಮೇಲೆ ದುಡ್ಡಿನ ಆಟವೂ ಶುರುವಾಯಿತು. ಕೆಳಗೆ ಬರುವ ಕತೆಗಳಲ್ಲಿ ಮುಕ್ಕಾಲು ಪಾಲು ಈ ಭಯ, ಈ ದುಡ್ಡಿನ ಸುತ್ತಲೇ ತಿರುಗುತ್ತವೆ.

ಪಂದ್ಯ ಯಾವಾಗಲೂ ಶನಿವಾರ ಮಧ್ಯಾಹ್ನ ಮೂರಕ್ಕೇ ಯಾಕೆ?

ನಮಗೆ ಚಳಿಗಾಲದಲ್ಲಿ ಶನಿವಾರ ರಾತ್ರಿ ಎಂಟೂವರೆಗೆ ಪಂದ್ಯ ಬರುತ್ತದಲ್ಲ, ಅದರ ಮೂಲ ಇರೋದು ಬಟ್ಟೆ ಗಿರಣಿಯಲ್ಲಿ. 1850ರ ಕಾರ್ಖಾನೆ ಕಾಯ್ದೆ ಬಂದ ಮೇಲೆ ಲ್ಯಾಂಕಾಶೈರ್ ಕಡೆಯ ಗಿರಣಿಗಳು ಶನಿವಾರ ಮಧ್ಯಾಹ್ನ ಎರಡಕ್ಕೆ ನಿಲ್ಲತೊಡಗಿದವು. 1874ರಲ್ಲಿ ಅದು ಇನ್ನೊಂದು ಗಂಟೆ ಮುಂಚೆಯಾಯಿತು. ಕೆಲಸ ಬಿಟ್ಟು, ಏನಾದರೂ ತಿಂದು, ಮೈದಾನಕ್ಕೆ ನಡೆದು ಬರುವಷ್ಟರಲ್ಲಿ ಮೂರು ಗಂಟೆ. ಭಾನುವಾರ ಚರ್ಚಿನ ದಿನ, ಆಟ ಇಲ್ಲ. ಫ್ಲಡ್‌ಲೈಟ್ ಇರಲಿಲ್ಲವಾದ್ದರಿಂದ ಡಿಸೆಂಬರ್‌ನಲ್ಲಿ ಕತ್ತಲಾಗುವ ಮುಂಚೆ ಮುಗಿಸಲು ಇನ್ನೂ ಬೇಗ ಶುರು ಮಾಡುತ್ತಿದ್ದರು.

ಟಿಕೆಟ್ ಎಷ್ಟಿತ್ತು?

ಕನಿಷ್ಠ ಆರು ಪೆನ್ಸ್. ಲೀಗೇ ಮಾಡಿದ್ದ ನಿಯಮ ಅದು. ಆಗ ಒಂದು ಪೌಂಡಿಗೆ 240 ಪೆನ್ಸ್, ಅಂದರೆ ಒಂದು ಪೌಂಡಿಗೆ ನಲವತ್ತು ಜನ ಒಳಗೆ ಹೋಗಬಹುದಿತ್ತು. ಕೂಲಿಯವರಿಗೆ ಇದೇನೂ ಅಗ್ಗ ಅಲ್ಲ. ಆದರೂ ಜನ ಬರುತ್ತಿದ್ದರು, ಮಣ್ಣಿನ ದಿಬ್ಬದ ಮೇಲೆ, ಮರದ ಹಲಗೆಯ ಮೇಲೆ ನಿಂತೇ ನೋಡುತ್ತಿದ್ದರು. ಲೀಗ್ ಅಲ್ಲದೆ ಎಫ್‌ಎ ಕಪ್ ಅಂತ ಸೋತವರು ಹೊರಹೋಗುವ ಬೇರೆ ಟೂರ್ನಿಯೂ ಇತ್ತು. 1901ರ ಅದರ ಫೈನಲ್‌ಗೆ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮೈದಾನದಲ್ಲಿ ಸೇರಿದ್ದು 1 ಲಕ್ಷ 10 ಸಾವಿರಕ್ಕೂ ಜಾಸ್ತಿ ಜನ. 1913ರಲ್ಲಿ ವಿಲ್ಲಾ ಮತ್ತು ಸಂಡರ್‌ಲ್ಯಾಂಡ್ ಆಡಿದ ಫೈನಲ್‌ಗೆ 1 ಲಕ್ಷ 20 ಸಾವಿರ ದಾಟಿತ್ತು. ಆ ವರ್ಷ ಲೀಗ್ ಗೆದ್ದಿದ್ದು ಸಂಡರ್‌ಲ್ಯಾಂಡ್, ಕಪ್ ಗೆದ್ದಿದ್ದು ವಿಲ್ಲಾ.

ಇಷ್ಟು ಜನ ಸೇರಿದರೆ ಅನಾಹುತ ಆಗದೇ ಇರುತ್ತಾ? 1902ರ ಏಪ್ರಿಲ್ 5ರಂದು ಗ್ಲಾಸ್ಗೋದ ಐಬ್ರಾಕ್ಸ್‌ನಲ್ಲಿ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಆಡುತ್ತಿದ್ದಾಗ ಮರದ ಅಟ್ಟಣಿಗೆ ಮುರಿದು 25 ಜನ ಸತ್ತರು. ಅದನ್ನು ವಿನ್ಯಾಸ ಮಾಡಿದ್ದವರು ಆರ್ಚಿಬಾಲ್ಡ್ ಲೀಚ್. ಇಷ್ಟಾದ ಮೇಲೂ ಅವರಿಗೆ ಕೆಲಸ ತಪ್ಪಲಿಲ್ಲ. ಅಲ್ಲಿಂದಾಚೆ ಗಟ್ಟಿ ಮಣ್ಣು, ಕಾಂಕ್ರೀಟಿನ ಮೆಟ್ಟಿಲು ಬಂದವು. ಓಲ್ಡ್ ಟ್ರಾಫರ್ಡ್, ಗುಡಿಸನ್ ಪಾರ್ಕ್, ಕ್ರೇವನ್ ಕಾಟೇಜ್ ಎಲ್ಲದರಲ್ಲೂ ಅದೇ ಮನುಷ್ಯನ ಕೈಯಿದೆ.

ಆಗ ಲಂಡನ್ ತಂಡಗಳು ಎಲ್ಲಿದ್ದವು?

ಹುಡುಕಬೇಕಿತ್ತು! 1893ರಲ್ಲಿ ಲೀಗಿಗೆ ಬಂದ ವುಲಿಚ್ ಆರ್ಸೆನಲ್ ದಕ್ಷಿಣದ ಮೊದಲ ತಂಡ. ಮದ್ದುಗುಂಡು ಕಾರ್ಖಾನೆಯ ಕೆಲಸಗಾರರು ಕಟ್ಟಿದ ತಂಡ ಅದು. ದಕ್ಷಿಣದ ಉಳಿದ ಒಳ್ಳೆಯ ತಂಡಗಳೆಲ್ಲ ಸದರ್ನ್ ಲೀಗ್ ಅನ್ನುವ ಬೇರೆ ಲೀಗ್‌ನಲ್ಲಿ ಆಡುತ್ತಿದ್ದವು. ಟಾಟೆನ್‌ಹ್ಯಾಮ್ 1901ರಲ್ಲಿ ಎಫ್‌ಎ ಕಪ್ ಗೆದ್ದಾಗ ಅದು ನಾವು ಮಾತಾಡುತ್ತಿರುವ ಲೀಗಿನಲ್ಲಿ ಇರಲೇ ಇಲ್ಲ.

ಕಾರಣ ಸರಳ. ಉತ್ತರದಲ್ಲಿ ಗಿರಣಿ, ಗಣಿ, ಹಡಗುಕಟ್ಟೆ. ಸಂಬಳ ಕೊಟ್ಟು ಆಡಿಸುವ ಪದ್ಧತಿ ಅಲ್ಲೇ ಬೆಳೆಯಿತು, 1885ರಲ್ಲಿ ಕಾನೂನುಬದ್ಧವೂ ಆಯಿತು. ದಕ್ಷಿಣದ ದೊಡ್ಡ ಮನುಷ್ಯರಿಗೆ ದುಡ್ಡಿಗೆ ಆಡುವುದು ಅಂದರೆ ಮೂಗು ಮುರಿಯುವ ವಿಷಯ. 1905ರಲ್ಲಿ ಚೆಲ್ಸಿ ಮಾತ್ರ ತಮಾಷೆ ಮಾಡಿತು. ಮೊದಲು ಸ್ಟೇಡಿಯಂ, ಆಮೇಲೆ ಕ್ಲಬ್. ಒಂದೇ ಒಂದು ಪಂದ್ಯ ಆಡುವ ಮುಂಚೆಯೇ ಎರಡನೇ ಡಿವಿಷನ್‌ಗೆ ಆಯ್ಕೆ. ಎರಡು ವರ್ಷ ಮುಂಚೆ ಬ್ರಾಡ್‌ಫರ್ಡ್ ಸಿಟಿಯೂ ಹೀಗೇ ಬಂದಿತ್ತು. ಅದು ಅಲ್ಲಿಯವರೆಗೆ ರಗ್ಬಿ ಆಡುತ್ತಿದ್ದ ಕ್ಲಬ್. ಅಂದಹಾಗೆ, ದಕ್ಷಿಣದ ತಂಡವೊಂದು ಲೀಗ್ ಗೆಲ್ಲಲು 1931 ಬರಬೇಕಾಯಿತು. ಅದೂ ಆರ್ಸೆನಲ್ಲೇ.

ಅಂಕ ಹೇಗೆ ಎಣಿಸುತ್ತಿದ್ದರು?

ಗೆದ್ದರೆ ಎರಡು, ಡ್ರಾ ಆದರೆ ಒಂದು. ಅಂಕ ಸಮ ಆದರೆ ನೋಡುತ್ತಿದ್ದದ್ದು ಗೋಲಿನ ವ್ಯತ್ಯಾಸ ಅಲ್ಲ, ಸರಾಸರಿ. ಹೊಡೆದ ಗೋಲನ್ನು ಬಿಟ್ಟ ಗೋಲಿನಿಂದ ಭಾಗಿಸಬೇಕು. ಲೆಕ್ಕದ ಮೇಷ್ಟ್ರಿಗೆ ಖುಷಿ, ಉಳಿದವರಿಗೆ ತಲೆನೋವು.

ಇದರ ಏಟು ಎಂಥದ್ದು ಅಂತ ಕಾರ್ಡಿಫ್‌ನವರನ್ನು ಕೇಳಬೇಕು. 1924ರ ಮೇ ತಿಂಗಳಲ್ಲಿ ಕೊನೆಯ ಪಂದ್ಯ. ಕಾರ್ಡಿಫ್ ಮೇಲಿದೆ, ಹಡರ್ಸ್‌ಫೀಲ್ಡ್ ಹಿಂದೆಯೇ ಇದೆ. ಬರ್ಮಿಂಗ್‌ಹ್ಯಾಮ್‌ನಲ್ಲಿ ಕಾರ್ಡಿಫ್‌ಗೆ ಪೆನಾಲ್ಟಿ ಸಿಕ್ಕಿತು. ಒದೆಯಲು ಹೋದವನು ಲೆನ್ ಡೇವಿಸ್, ಆ ವರ್ಷ ತಂಡಕ್ಕೆ ಗೋಲುಗಳ ರಾಶಿ ಹಾಕಿದ್ದವನು. ಒಳಗೆ ಹೋಗಲಿಲ್ಲ. ಪಂದ್ಯ 0–0. ಅತ್ತ ಹಡರ್ಸ್‌ಫೀಲ್ಡ್ 3–0 ಗೆದ್ದಿತು. ಎರಡೂ ತಂಡಕ್ಕೆ 57 ಅಂಕ. ಹಡರ್ಸ್‌ಫೀಲ್ಡ್ 60 ಹೊಡೆದು 33 ಬಿಟ್ಟಿತ್ತು, ಕಾರ್ಡಿಫ್ 61 ಹೊಡೆದು 34 ಬಿಟ್ಟಿತ್ತು. ಭಾಗಿಸಿ ನೋಡಿ: 1.818, ಮತ್ತು 1.794. ಪ್ರಶಸ್ತಿ ಹೋಗಿದ್ದು 0.024ರಲ್ಲಿ. ಇವತ್ತಿನ ನಿಯಮ ಇದ್ದಿದ್ದರೆ ಇಬ್ಬರ ವ್ಯತ್ಯಾಸವೂ 27, ಒಂದು ಗೋಲು ಜಾಸ್ತಿ ಹೊಡೆದ ಕಾರ್ಡಿಫ್ ಗೆಲ್ಲುತ್ತಿತ್ತು. ವೇಲ್ಸ್‌ನ ಯಾವ ತಂಡವೂ ಇವತ್ತಿನವರೆಗೆ ಆ ಪ್ರಶಸ್ತಿ ಗೆದ್ದಿಲ್ಲ.

ಆಟ ನೋಡಲು ಹೇಗಿರುತ್ತಿತ್ತು? ನಮಗೆ ಅರ್ಥ ಆಗುತ್ತಿತ್ತಾ?

ಆಗುತ್ತಿತ್ತು. ಆದರೆ ಆಗಾಗ "ಇದೇನಿದು!" ಅನ್ನುತ್ತಿದ್ದಿರಿ.

ಹಿಂದೆ ಇಬ್ಬರು, ನಡುವೆ ಮೂವರು, ಮುಂದೆ ಐವರು. ಬೆನ್ನ ಮೇಲೆ ನಂಬರ್ ಇಲ್ಲ, ಅದು ಬಂದಿದ್ದು 1939ರಲ್ಲಿ. ಬದಲಿ ಆಟಗಾರರು ಇಲ್ಲ. ಒಬ್ಬನ ಕಾಲು ಮುರಿದರೆ ಉಳಿದ ಹತ್ತೇ ಜನ ಆಡಬೇಕು. 1909ರವರೆಗೆ ಗೋಲ್‌ಕೀಪರಿಗೂ ಉಳಿದವರಿಗೂ ಒಂದೇ ಬಣ್ಣದ ಅಂಗಿ.

ಗೋಲ್‌ಕೀಪರ್ ವಿಷಯವೇ ಮಜಾ. 1912ರವರೆಗೆ ತನ್ನ ಅರ್ಧ ಮೈದಾನದಲ್ಲಿ ಎಲ್ಲಿ ಬೇಕಾದರೂ ಅವನು ಚೆಂಡು ಕೈಯಲ್ಲಿ ಮುಟ್ಟಬಹುದಿತ್ತು. ಕೈಯಲ್ಲಿ ಹಿಡಿದು ಓಡುವಂತಿಲ್ಲ ಅಷ್ಟೇ. ವೇಲ್ಸ್‌ನ ಲೀ ರಿಚ್ಮಂಡ್ ರೂಸ್ ಇದನ್ನು ಚೆನ್ನಾಗಿ ಬಳಸಿಕೊಂಡ. ಬ್ಯಾಸ್ಕೆಟ್‌ಬಾಲ್ ಆಡುವವನ ಹಾಗೆ ಚೆಂಡು ಪುಟಿಸಿಕೊಂಡು ನಡುಗೆರೆಯವರೆಗೆ ಬಂದು ಅಲ್ಲಿಂದ ಮುಂದಕ್ಕೆ ಎಸೆಯುತ್ತಿದ್ದ. ಸ್ಟೋಕ್, ಎವರ್ಟನ್, ಸಂಡರ್‌ಲ್ಯಾಂಡ್ ಎಲ್ಲಾ ಕಡೆ ಆಡಿದ. ಕೊನೆಗೆ ನಿಯಮವನ್ನೇ ಬದಲಿಸಿ ಕೀಪರನ ಕೈಯನ್ನು ಪೆನಾಲ್ಟಿ ಪ್ರದೇಶದೊಳಗೆ ಕಟ್ಟಿಹಾಕಿದರು. ರೂಸ್ 1916ರಲ್ಲಿ ಸೋಮ್ ಯುದ್ಧಭೂಮಿಯಲ್ಲಿ ಸತ್ತ.

ಆಫ್‌ಸೈಡ್ ಕೂಡ ಬೇರೆ. ಮುಂದಿರುವ ಆಟಗಾರ ಮತ್ತು ಗೋಲಿನ ನಡುವೆ ಎದುರಾಳಿಗಳು ಮೂವರು ಇರಬೇಕಿತ್ತು. ನ್ಯೂಕ್ಯಾಸಲ್‌ನ ಬಿಲ್ ಮೆಕ್ರ್ಯಾಕನ್ ಸುಮ್ನೆ ಎರಡು ಹೆಜ್ಜೆ ಮುಂದೆ ಹಾಕುತ್ತಿದ್ದ, ಎದುರಿನ ಐವರೂ ಆಫ್‌ಸೈಡ್! ಪ್ರೇಕ್ಷಕರಿಗೆ ಇವನನ್ನು ಕಂಡರೆ ಆಗುತ್ತಿರಲಿಲ್ಲ. ಬೇರೆಯವರೂ ಇದನ್ನೇ ಕಲಿತರು, ಗೋಲುಗಳು ಬತ್ತಿಹೋದವು. 1925ರಲ್ಲಿ ಮೂರನ್ನು ಎರಡು ಮಾಡಿದ ಮೇಲೆ ಕಟ್ಟೆ ಒಡೆದ ಹಾಗೆ ಗೋಲು ಬಂದವು. ಎರಡೇ ವರ್ಷದಲ್ಲಿ ಎರಡನೇ ಡಿವಿಷನ್‌ನಲ್ಲಿ ಮಿಡಲ್ಸ್‌ಬರೋದ ಜಾರ್ಜ್ ಕ್ಯಾಮ್ಸೆಲ್ ಒಂದೇ ಸೀಸನ್‌ನಲ್ಲಿ 59 ಹೊಡೆದ. ಮರು ವರ್ಷ ಎವರ್ಟನ್‌ನ ಡಿಕ್ಸಿ ಡೀನ್ ಮೊದಲ ಡಿವಿಷನ್‌ನಲ್ಲೇ 60 ಹೊಡೆದ.

ಚೆಂಡು ತುಂಬಾ ಭಾರ ಇತ್ತಂತೆ, ನಿಜವಾ?

ಒಣಗಿದ್ದಾಗ ಇವತ್ತಿನದಕ್ಕಿಂತ ಭಾರ ಇರಲಿಲ್ಲ, ಒಂದು ತೂಕ ಕಡಿಮೆಯೇ. ತೊಂದರೆ ಮಳೆಯದ್ದು. ದಪ್ಪ ತೊಗಲು ನೀರು ಕುಡಿಯುತ್ತಿತ್ತು, ಮೇಲೆ ಕೆಸರು ಬೇರೆ. ಇಂಗ್ಲೆಂಡಿನ ಉತ್ತರದಲ್ಲಿ ಮಳೆ ಇಲ್ಲದ ಶನಿವಾರ ಎಷ್ಟಿರುತ್ತದೆ?

ಆ ತರಹದ ಚೆಂಡನ್ನು ನಾನು ಚಿಕ್ಕವನಿದ್ದಾಗ ಮುಟ್ಟಿದ್ದೇನೆ. ನಮ್ಮ ಸ್ಕೂಲಿನ ಪಿಟಿ ಮೇಷ್ಟ್ರ ಕಪಾಟಿನಲ್ಲಿ ಒಂದಿತ್ತು. ಒಳಗೆ ರಬ್ಬರ್ ಬ್ಲಾಡರ್. ಸೈಕಲ್ ಅಂಗಡಿಗೆ ಒಯ್ದು ಗಾಳಿ ತುಂಬಿಸಿ, ಬ್ಲಾಡರಿನ ಬಾಲವನ್ನು ಮಡಚಿ ದಾರದಲ್ಲಿ ಬಿಗಿದು, ಒಳಗೆ ತುರುಕಿ, ಮೇಲಿನ ಸೀಳನ್ನು ಬೂಟಿಗೆ ಕಟ್ಟುವ ಹಾಗೆ ಲೇಸ್ ಹಾಕಿ ಮುಚ್ಚಬೇಕು. ಎಷ್ಟು ಬಿಗಿದರೂ ಆ ಜಾಗ ಉಬ್ಬಿಯೇ ಇರುತ್ತದೆ. ಹೆಡ್ ಮಾಡಲು ಹೋಗಿ ಲೇಸ್ ಇರುವ ಕಡೆಯೇ ಹಣೆಗೆ ಬಡಿದರೆ ಎರಡು ದಿನ ಗೆರೆ ಹೋಗುವುದಿಲ್ಲ. ವಾರಕ್ಕೊಂದು ಪಂದ್ಯ, ಇಡೀ ಚಳಿಗಾಲ ಆ ಒದ್ದೆ ಚೆಂಡನ್ನು ತಲೆಯಲ್ಲಿ ಹೊಡೆದವರನ್ನು ನೆನೆಸಿಕೊಂಡರೆ ನನ್ನ ಹಣೆ ಈಗಲೂ ಚುರ್ ಅನ್ನುತ್ತದೆ.

ಆಟಗಾರರಿಗೆ ಸಂಬಳ ಎಷ್ಟು?

1901ರಿಂದ ಗರಿಷ್ಠ ವಾರಕ್ಕೆ ನಾಲ್ಕು ಪೌಂಡ್. ಆಗ ಒಂದು ಪೌಂಡಿಗೆ ನಮ್ಮ ಹದಿನೈದು ರೂಪಾಯಿ, ಅಂದರೆ ವಾರಕ್ಕೆ ಅರವತ್ತು ರೂಪಾಯಿ. ನುರಿತ ಕೆಲಸಗಾರನಿಗೆ ವಾರಕ್ಕೆ ಎರಡು ಪೌಂಡ್ ಸಿಕ್ಕರೆ ಅದೇ ದೊಡ್ಡದು. ಆ ಲೆಕ್ಕದಲ್ಲಿ ನಾಲ್ಕು ಪೌಂಡ್ ಕಡಿಮೆಯೇನಲ್ಲ. ಆದರೆ ಎಲ್ಲರಿಗೂ ನಾಲ್ಕು ಸಿಗುತ್ತಿರಲಿಲ್ಲ. ಗೆದ್ದರೆ ಬೋನಸ್ ಕೊಡುವುದನ್ನೂ ನಿಷೇಧಿಸಿದ್ದರು. ಮತ್ತೆ, ಮೂವತ್ತೈದಕ್ಕೆ ಮಂಡಿ ಹೋದವನ ಗತಿ ಏನು?

ಅಸಲಿ ಸಿಟ್ಟು ಬೇರೆ ಕಡೆ ಇತ್ತು. ಶನಿವಾರ ನಲವತ್ತು ಸಾವಿರ ಜನ ಗೇಟಿನಲ್ಲಿ ಆರಾರು ಪೆನ್ಸ್ ಕೊಟ್ಟು ಒಳಗೆ ಬಂದರೆ ಸಾವಿರ ಪೌಂಡ್ ಆಯಿತು. ಮೈದಾನದಲ್ಲಿ ಆಡಿದ ಹನ್ನೊಂದು ಜನರ ಸಂಬಳ ಒಟ್ಟು ಸೇರಿಸಿದರೆ 44 ಪೌಂಡ್! ಈ ಮಿತಿ ಅಲ್ಪಸ್ವಲ್ಪ ಏರುತ್ತಾ 1961ರವರೆಗೂ ಉಳಿಯಿತು.

ಇಷ್ಟವಿಲ್ಲದಿದ್ದರೆ ಬೇರೆ ಕ್ಲಬ್‌ಗೆ ಹೋಗಬಹುದಿತ್ತಲ್ಲ?

ಆಗುತ್ತಿರಲಿಲ್ಲ. ಆಟಗಾರನ ನೋಂದಣಿ ಕ್ಲಬ್ಬಿನ ಕೈಯಲ್ಲಿ. ಸೀಸನ್ ಮುಗಿದಾಗ ಯಾರನ್ನು ಉಳಿಸಿಕೊಳ್ಳುತ್ತೇವೆ ಅಂತ ಕ್ಲಬ್ ಪಟ್ಟಿ ಹಾಕುತ್ತಿತ್ತು. ಪಟ್ಟಿಯಲ್ಲಿ ನಿನ್ನ ಹೆಸರಿದ್ದರೆ, ಒಪ್ಪಂದ ಮುಗಿದಿದ್ದರೂ ಲೀಗಿನ ಬೇರೆ ಕ್ಲಬ್‌ಗೆ ಆಡುವಂತಿಲ್ಲ. ಹರ್ಬರ್ಟ್ ಕಿಂಗಬಿ ಎಂಬ ಆಟಗಾರ ಆಸ್ಟನ್ ವಿಲ್ಲಾ ಮೇಲೆ ಕೇಸ್ ಹಾಕಿ 1912ರಲ್ಲಿ ಸೋತ. ಕೋರ್ಟಿನಲ್ಲಿ ಈ ಪದ್ಧತಿಯ ಬೆನ್ನು ಮುರಿದಿದ್ದು ಅದಾಗಿ ಐವತ್ತು ವರ್ಷದ ಮೇಲೆ.

ಮೊದಲ ಸಾವಿರ ಪೌಂಡಿನ ಆಟಗಾರ ಯಾರು?

ಆಲ್ಫ್ ಕಾಮನ್. 1905ರ ಫೆಬ್ರವರಿಯಲ್ಲಿ ಸಂಡರ್‌ಲ್ಯಾಂಡ್‌ನಿಂದ ಮಿಡಲ್ಸ್‌ಬರೋಗೆ ಹೋದ. ಮಿಡಲ್ಸ್‌ಬರೋ ಆಗ ಇಳಿಯುವ ಅಂಚಿನಲ್ಲಿತ್ತು. ಸುಮಾರು ಎರಡು ವರ್ಷದಿಂದ ಹೊರಗಿನ ಮೈದಾನದಲ್ಲಿ ಗೆದ್ದಿರಲೇ ಇಲ್ಲ. ಕಾಮನ್ ಆಡಿದ ಮೊದಲ ಪಂದ್ಯ ಶೆಫೀಲ್ಡ್ ಯುನೈಟೆಡ್ ಊರಲ್ಲಿ. ಪೆನಾಲ್ಟಿ ಸಿಕ್ಕಿತು, ಅವನೇ ಹೊಡೆದ, 1–0. ತಂಡ ಬಚಾವಾಯಿತು.

ಊರೆಲ್ಲಾ ಬಾಯಿ ಬಾಯಿ ಬಡಿದುಕೊಂಡಿತು. ಮನುಷ್ಯನನ್ನು ದನದ ಸಂತೆಯ ಹಾಗೆ ಮಾರುವುದಾ ಅಂತ. 1908ರಲ್ಲಿ ಟ್ರಾನ್ಸ್‌ಫರ್‌ಗೆ 350 ಪೌಂಡಿನ ಮಿತಿ ಹಾಕಿ ನೋಡಿದರು. ಕ್ಲಬ್‌ಗಳು ಬುದ್ಧಿವಂತರು. ಬೇಕಾದ ಒಬ್ಬನ ಜೊತೆ ಬೇಡದ ಇಬ್ಬರನ್ನೂ ತಲಾ ಅಷ್ಟೇ ದುಡ್ಡಿಗೆ "ಕೊಂಡು" ಲೆಕ್ಕ ಸರಿ ಮಾಡಿದವು. ನಿಯಮ ಕೆಲವೇ ತಿಂಗಳಲ್ಲಿ ಸತ್ತಿತು. ಈ ಸಾವಿರ ಪೌಂಡಿನಲ್ಲಿ ಕಾಮನ್ ಕೈಗೆ ಬಂದಿದ್ದು? ಸಹಿ ಹಾಕಿದ್ದಕ್ಕೆ ಒಬ್ಬ ಆಟಗಾರನಿಗೆ ಕೊಡಬಹುದಾಗಿದ್ದದ್ದೇ ಹೆಚ್ಚೆಂದರೆ ಹತ್ತು ಪೌಂಡ್.

ಹಾಗಿದ್ದರೆ ಟೇಬಲ್ ಕೆಳಗಿನ ದುಡ್ಡು ಓಡಾಡುತ್ತಿರಲಿಲ್ವಾ?

ಓಡಾಡದೇ ಏನು! ಎಲ್ಲರಿಗೂ ಗೊತ್ತಿತ್ತು. ಸಿಕ್ಕಿಬಿದ್ದವರು ಮಾತ್ರ ಮ್ಯಾಂಚೆಸ್ಟರ್ ಸಿಟಿ. (ಹೌದು, ಅದೇ ಸಿಟಿ. ನಗಬೇಡಿ.)

ಕತೆಯ ನಾಯಕ ಬಿಲ್ಲಿ ಮೆರೆಡಿತ್. ವೇಲ್ಸ್‌ನ ಚರ್ಕ್ ಅನ್ನುವ ಊರಿನವನು, ಹನ್ನೆರಡನೇ ವಯಸ್ಸಿಗೇ ಕಲ್ಲಿದ್ದಲು ಗಣಿಗೆ ಇಳಿದವನು. ಬಲ ಅಂಚಿನಲ್ಲಿ ಬಾಯಲ್ಲಿ ಹಲ್ಲುಕಡ್ಡಿ ಕಚ್ಚಿಕೊಂಡೇ ಆಡುತ್ತಿದ್ದ. 1904ರ ಕಪ್ ಫೈನಲ್‌ನಲ್ಲಿ ಅವನ ಗೋಲಿನಿಂದಲೇ ಸಿಟಿ ಬೋಲ್ಟನ್ ಮೇಲೆ ಗೆದ್ದಿದ್ದು.

1905ರ ಏಪ್ರಿಲ್‌ನಲ್ಲಿ ಸೀಸನ್ನಿನ ಕೊನೆಯ ಪಂದ್ಯ. ಸಿಟಿಗೆ ಪ್ರಶಸ್ತಿ ಬೇಕಾದರೆ ವಿಲ್ಲಾ ಪಾರ್ಕ್‌ನಲ್ಲಿ ಗೆಲ್ಲಬೇಕು. 3–2ರಲ್ಲಿ ಸೋತರು, ಆಟದಲ್ಲಿ ಕೈ ಕೈ ಮಿಲಾಯಿಸಿತು, ಪ್ರಶಸ್ತಿ ನ್ಯೂಕ್ಯಾಸಲ್ ಪಾಲಾಯಿತು. ಆಮೇಲೆ ಹೊರಬಿದ್ದ ಸುದ್ದಿ: ಮೆರೆಡಿತ್ ವಿಲ್ಲಾದ ಅಲೆಕ್ ಲೀಕ್‌ಗೆ ಹತ್ತು ಪೌಂಡ್ ಲಂಚದ ಆಸೆ ತೋರಿಸಿದ್ದನಂತೆ. ಇಂಗ್ಲೆಂಡಿನ ಆಟದ ಆಡಳಿತ ನೋಡುವ ಫುಟ್‌ಬಾಲ್ ಅಸೋಸಿಯೇಷನ್ (ಎಫ್‌ಎ) ಅವನನ್ನು ಅಮಾನತು ಮಾಡಿತು. ಸಿಟಿ ಅವನ ಕೈ ಬಿಟ್ಟಿತು. ಅಲ್ಲೇ ಎಡವಿದ್ದು ಅವರು. ಸಿಟ್ಟಾದ ಮೆರೆಡಿತ್ ಬಾಯಿಬಿಟ್ಟ. ನಾಲ್ಕು ಪೌಂಡಿನ ಮೇಲೆ ಯಾರ್ಯಾರಿಗೆ ಎಷ್ಟೆಷ್ಟು ಸಿಗುತ್ತಿತ್ತು ಅನ್ನುವ ಲೆಕ್ಕಪತ್ರ ಬಿಚ್ಚಿಕೊಂಡಿತು. 1906ರಲ್ಲಿ ತೀರ್ಪು. ಹದಿನೇಳು ಆಟಗಾರರಿಗೆ ದಂಡ, 1907ರ ಜನವರಿ 1ರವರೆಗೆ ಅಮಾನತು, ಇನ್ನು ಮುಂದೆ ಸಿಟಿಗೆ ಆಡುವ ಹಾಗೇ ಇಲ್ಲ. ಮ್ಯಾನೇಜರ್ ಟಾಮ್ ಮೇಲಿಗೆ ಆಜೀವ ನಿಷೇಧ.

ಸಿಟಿ ಸಿಕ್ಕಸಿಕ್ಕವರನ್ನು ಕೂಡಿಸಿಕೊಂಡು ಹೊಸ ಸೀಸನ್ ಶುರು ಮಾಡಿತು. ಮೊದಲ ಪಂದ್ಯ ತಮ್ಮೂರು ಮ್ಯಾಂಚೆಸ್ಟರಿನಲ್ಲೇ, ವುಲಿಚ್ ಆರ್ಸೆನಲ್ ಎದುರು. ಸೆಪ್ಟೆಂಬರ್ 1, ಸುಡು ಬಿಸಿಲು. ಒಬ್ಬೊಬ್ಬನೇ ತಲೆಸುತ್ತಿ ಹೊರಗೆ ಹೋಗಿ ಕೊನೆಗೆ ಮೈದಾನದಲ್ಲಿ ಸಿಟಿಯವರು ಉಳಿದದ್ದು ಆರೇ ಜನ. ಸೋಲು 4–1.

ಹಳೇ ಆಟಗಾರರನ್ನು ಒಂದು ಹೋಟೆಲ್‌ನಲ್ಲಿ ಕೂರಿಸಿ ಬೇರೆ ಕ್ಲಬ್‌ಗಳಿಗೆ ಮಾರಿದರು. ಅದರಲ್ಲಿ ನಾಲ್ವರನ್ನು ಪಕ್ಕದ ಮನೆಯ ಮ್ಯಾಂಚೆಸ್ಟರ್ ಯುನೈಟೆಡ್ ಎತ್ತಿಕೊಂಡಿತು: ಮೆರೆಡಿತ್, ಸ್ಯಾಂಡಿ ಟರ್ನ್‌ಬುಲ್, ಹರ್ಬರ್ಟ್ ಬರ್ಜೆಸ್, ಜಿಮ್ಮಿ ಬ್ಯಾನಿಸ್ಟರ್. ಅಮಾನತು ಮುಗಿದ ದಿನವೇ, ಹೊಸ ವರ್ಷದಂದು, ಯುನೈಟೆಡ್ ಅಂಗಿಯಲ್ಲಿ ಮೆರೆಡಿತ್ ಅಂಚಿನಿಂದ ಚೆಂಡು ಕೊಟ್ಟ, ಟರ್ನ್‌ಬುಲ್ ಗೋಲು ಹೊಡೆದ. ಸೋತವರು ಯಾರು? ಅದೇ ಆಸ್ಟನ್ ವಿಲ್ಲಾ! 1908ರಲ್ಲಿ ಯುನೈಟೆಡ್ ಮೊದಲ ಸಲ ಲೀಗ್ ಗೆದ್ದಿತು. ಮೆರೆಡಿತ್ ಕೊನೆಗೆ ಸಿಟಿಗೇ ವಾಪಸ್ ಬಂದು 1924ರಲ್ಲಿ, 49ನೇ ವಯಸ್ಸಿನಲ್ಲಿ, ಕಪ್ ಸೆಮಿಫೈನಲ್ ಆಡಿದ.

ಆಟಗಾರರು ಸಂಘ ಕಟ್ಟಲಿಲ್ವಾ?

ಕಟ್ಟಿದರು. 1907ರ ಡಿಸೆಂಬರ್ 2ರಂದು ಮ್ಯಾಂಚೆಸ್ಟರಿನ ಇಂಪೀರಿಯಲ್ ಹೋಟೆಲ್‌ನಲ್ಲಿ. ಸಭೆ ನಡೆಸಿದವನು ಮತ್ತೆ ಮೆರೆಡಿತ್ತೇ. 1909ರಲ್ಲಿ ಅಸೋಸಿಯೇಷನ್ ಆದೇಶ ಹೊರಡಿಸಿತು: ಸಂಘ ಬಿಡಿ, ಇಲ್ಲಾಂದ್ರೆ ಆಟ ಬಿಡಿ. ತುಂಬಾ ಜನ ಹೆದರಿ ಬಿಟ್ಟರು. ಯುನೈಟೆಡ್ ಆಟಗಾರರು ಬಿಡಲಿಲ್ಲ. ಕ್ಲಬ್ಬಿನ ಮೈದಾನಕ್ಕೆ ಪ್ರವೇಶ ಇಲ್ಲದೆ ಬೇರೆ ಕಡೆ ಅಭ್ಯಾಸ ಮಾಡಿದರು. ಅಲ್ಲಿ ತೆಗೆಸಿದ ಒಂದು ಫೋಟೋ ಇದೆ. ಕ್ಯಾಪ್ಟನ್ ಚಾರ್ಲಿ ರಾಬರ್ಟ್ಸ್ ಮತ್ತು ಸಂಗಡಿಗರು ಕೂತಿದ್ದಾರೆ, ಮುಂದೆ ಒಂದು ಹಲಗೆ, ಅದರ ಮೇಲೆ "ಔಟ್‌ಕಾಸ್ಟ್ಸ್ ಎಫ್‌ಸಿ" ಅಂತ ಬರೆದಿದೆ. ಬಹಿಷ್ಕೃತರ ತಂಡ! ಸೀಸನ್ ಶುರುವಾಗುವ ಹಿಂದಿನ ದಿನ ರಾಜಿ ಆಯಿತು. ಸಂಘಕ್ಕೆ ಮಾನ್ಯತೆ ಸಿಕ್ಕಿತು. ನಾಲ್ಕು ಪೌಂಡ್ ಮಾತ್ರ ಅಲ್ಲೇ ಇತ್ತು. ಮರು ವರ್ಷ ತುಂಬಾ ಕಾಲ ಸೇವೆ ಸಲ್ಲಿಸಿದವರಿಗೆ ಐದಾಯಿತು.

ಆ ಕಾಲದ ಬಲಿಷ್ಠ ತಂಡ ಯಾವುದು?

ನನ್ನ ಓಟು ನ್ಯೂಕ್ಯಾಸಲ್‌ಗೆ. 1905, 1907, 1909ರಲ್ಲಿ ಲೀಗ್. 1905ರಿಂದ 1911ರೊಳಗೆ ಐದು ಸಲ ಕಪ್ ಫೈನಲ್. ಆದರೆ ಕ್ರಿಸ್ಟಲ್ ಪ್ಯಾಲೇಸ್ ಮೈದಾನ ಅವರಿಗೆ ಶನಿಕಾಟ. ಅಲ್ಲಿ ಒಂದು ಸಲವೂ ಗೆಲ್ಲಲಿಲ್ಲ. 1910ರಲ್ಲಿ ಕಪ್ ಗೆದ್ದರು ನಿಜ, ಅದು ಡ್ರಾ ಆದ ಮೇಲೆ ಲಿವರ್‌ಪೂಲ್‌ನಲ್ಲಿ ನಡೆದ ಮರುಪಂದ್ಯದಲ್ಲಿ. ಲಿವರ್‌ಪೂಲ್, ಶೆಫೀಲ್ಡಿನ ವೆಡ್ನೆಸ್‌ಡೇ, ಬ್ಲ್ಯಾಕ್‌ಬರ್ನ್ ಕೂಡ ಮೊದಲ ಮಹಾಯುದ್ಧದ ಮುಂಚಿನ ಆ ವರ್ಷಗಳಲ್ಲಿ ಎರಡೆರಡು ಸಲ ಲೀಗ್ ಗೆದ್ದವು.

ಕಪ್ಪು ವರ್ಣದ ಆಟಗಾರರು ಇದ್ದರಾ?

ಬೆರಳೆಣಿಕೆ. ವಾಲ್ಟರ್ ಟಲ್ ಬಗ್ಗೆ ಹೇಳಲೇಬೇಕು. ಅಪ್ಪ ಬಾರ್ಬಡೋಸ್‌ನವರು, ಅಮ್ಮ ಇಂಗ್ಲೆಂಡಿನವರು. ಇಬ್ಬರನ್ನೂ ಕಳೆದುಕೊಂಡು ಅನಾಥಾಲಯದಲ್ಲಿ ಬೆಳೆದ. 1909ರಲ್ಲಿ ಟಾಟೆನ್‌ಹ್ಯಾಮ್ ಸೇರಿದ. ಅದೇ ಶರತ್ಕಾಲದಲ್ಲಿ ಬ್ರಿಸ್ಟಲ್‌ನಲ್ಲಿ ಜನ ಅವನ ಬಣ್ಣ ಹಿಡಿದು ಬೈದರು. ಎಷ್ಟು ಹೊಲಸಾಗಿ ಅಂದರೆ ಪತ್ರಿಕೆಯವರೇ ಅದನ್ನು ಖಂಡಿಸಿ ಬರೆದರು. ಆಮೇಲೆ ಟಾಟೆನ್‌ಹ್ಯಾಮ್‌ನಲ್ಲಿ ಅವಕಾಶ ಕಡಿಮೆಯಾಯಿತು. ನಾರ್ಥಾಂಪ್ಟನ್‌ಗೆ ಹೋಗಿ ನೂರಕ್ಕೂ ಹೆಚ್ಚು ಪಂದ್ಯ ಆಡಿದ. ಯುದ್ಧ ಬಂದಾಗ ಸೈನ್ಯ ಸೇರಿ, ಬಿಳಿಯರಲ್ಲದವರಿಗೆ ಅಧಿಕಾರಿ ಪದವಿ ಕೊಡದ ಆ ಸೈನ್ಯದಲ್ಲಿ 1917ರಲ್ಲಿ ಅಧಿಕಾರಿಯೇ ಆದ. 1918ರ ಮಾರ್ಚ್ 25ರಂದು ಫ್ರಾನ್ಸ್‌ನಲ್ಲಿ ಸತ್ತ. ಮೈ ಸಿಗಲೇ ಇಲ್ಲ.

ಯುದ್ಧ ಶುರುವಾದ ಕೂಡಲೇ ಲೀಗ್ ನಿಂತಿತಾ?

ಇಲ್ಲ, 1914–15ರ ಸೀಸನ್ ಪೂರ್ತಿ ಆಡಿದರು. ಜನ ಉಗಿದರು: ಗಡಿಯಲ್ಲಿ ಹುಡುಗರು ಸಾಯುತ್ತಿದ್ದರೆ ಇವರಿಗೆ ಚೆಂಡಾಟ! ಡಿಸೆಂಬರ್‌ನಲ್ಲಿ ಫುಟ್‌ಬಾಲ್ ಆಟಗಾರರದ್ದೇ ಒಂದು ಪಡೆ ಕಟ್ಟಿದರು. ಅದಕ್ಕೆ ಮುಂದೆ ಬಂದವರಲ್ಲಿ ಕ್ಲ್ಯಾಪ್ಟನ್ ಓರಿಯಂಟ್ ಕ್ಲಬ್ಬಿನವರು ಎದ್ದು ಕಾಣುತ್ತಾರೆ.

ಸೀಸನ್ ಮುಗಿದ ಮೇಲೆ ಲೀಗ್ ನಿಲ್ಲುತ್ತದೆ, ಸಂಬಳವೂ ನಿಲ್ಲುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು. ಅಂಥ ಹೊತ್ತಲ್ಲಿ 1915ರ ಏಪ್ರಿಲ್ 2, ಗುಡ್ ಫ್ರೈಡೇ. ಓಲ್ಡ್ ಟ್ರಾಫರ್ಡ್‌ನಲ್ಲಿ ಮಳೆ. ಯುನೈಟೆಡ್ ಇಳಿಯುವ ಅಂಚಿನಲ್ಲಿದೆ, ಎದುರಿಗೆ ಲಿವರ್‌ಪೂಲ್. ಜಾರ್ಜ್ ಆಂಡರ್ಸನ್ ಗೋಲು ಹೊಡೆದ, 1–0. ಆಮೇಲೆ ಯುನೈಟೆಡ್‌ಗೆ ಪೆನಾಲ್ಟಿ. ಪ್ಯಾಟ್ರಿಕ್ ಓ'ಕಾನಲ್ ಒದ್ದ ಚೆಂಡು ಗೋಲಿನ ಹತ್ತಿರಕ್ಕೂ ಹೋಗಲಿಲ್ಲ. ಆಂಡರ್ಸನ್ ಇನ್ನೊಂದು ಹೊಡೆದ, 2–0. ಅಲ್ಲಿಂದ ಯಾರಿಗೂ ಆಡುವ ಮನಸ್ಸೇ ಇಲ್ಲ. ಲಿವರ್‌ಪೂಲ್‌ನ ಫ್ರೆಡ್ ಪ್ಯಾಗ್ನಮ್ ಒದ್ದ ಚೆಂಡು ಅಡ್ಡಕಂಬಕ್ಕೆ ಬಡಿದಾಗ ಅವನ ತಂಡದವರೇ ಅವನ ಮೇಲೆ ರೇಗಿದರಂತೆ. ಅಷ್ಟರಲ್ಲಿ ಗೊತ್ತಾಗಿದ್ದು: 2–0 ಅಂತ ಒಂದಕ್ಕೆ ಏಳರ ಲೆಕ್ಕದಲ್ಲಿ ಎಷ್ಟೋ ಜನ ಬಾಜಿ ಕಟ್ಟಿದ್ದಾರೆ.

ತನಿಖೆಯಾಗಿ ಏಳು ಜನರಿಗೆ ಆಜೀವ ನಿಷೇಧ, ಲಿವರ್‌ಪೂಲ್‌ನವರು ನಾಲ್ವರು, ಯುನೈಟೆಡ್‌ನವರು ಮೂವರು. ಆ ಮೂವರಲ್ಲಿ ಒಬ್ಬ ನಮ್ಮ ಸ್ಯಾಂಡಿ ಟರ್ನ್‌ಬುಲ್. ಅವನು 1917ರಲ್ಲಿ ಯುದ್ಧದಲ್ಲಿ ಸತ್ತ. ಬೇರೆಯವರ ಮೇಲಿನ ನಿಷೇಧ ಯುದ್ಧ ಮುಗಿದಾಗ ತೆಗೆದರು. ತಾನು ತಪ್ಪು ಮಾಡಿಲ್ಲ ಅಂತ ಕೊನೆಯವರೆಗೂ ಹೇಳುತ್ತಿದ್ದ ಈನಾಕ್ ವೆಸ್ಟ್ ಮೇಲಿನದು ಮಾತ್ರ 1945ರವರೆಗೂ ಉಳಿಯಿತು. ಪೆನಾಲ್ಟಿ ಹೊರಗೆ ಒದ್ದ ಓ'ಕಾನಲ್‌ಗೆ ಏನೂ ಆಗಲಿಲ್ಲ. ಮುಂದೆ ಸ್ಪೇನ್‌ಗೆ ಹೋಗಿ ಬಾರ್ಸಿಲೋನಾದ ಕೋಚ್ ಆದ.

ಆರ್ಸೆನಲ್ ಹಿಂಬಾಗಿಲಿನಿಂದ ಬಂತು ಅಂತಾರಲ್ಲ?

ಟಾಟೆನ್‌ಹ್ಯಾಮ್ ಅಭಿಮಾನಿ ಹತ್ತಿರ ಕೇಳಿದರೆ ರಾತ್ರಿಯಿಡೀ ಹೇಳುತ್ತಾನೆ. ನಾನು ಚಿಕ್ಕದಾಗಿ ಹೇಳುತ್ತೇನೆ. 1915ರಲ್ಲಿ ಚೆಲ್ಸಿ 19ನೇ ಸ್ಥಾನ, ಟಾಟೆನ್‌ಹ್ಯಾಮ್ 20. 1919ರಲ್ಲಿ ಮೊದಲ ಡಿವಿಷನ್ 22 ತಂಡಕ್ಕೆ ಏರಿತು. ಚೆಲ್ಸಿಯನ್ನು ಉಳಿಸಿಕೊಂಡರು. ಮೇಲೆ ಹೇಳಿದ ಗುಡ್ ಫ್ರೈಡೇ ಪಂದ್ಯ ನೆನಪಿದೆಯಲ್ಲ, ಅದಿಲ್ಲದಿದ್ದರೆ ಚೆಲ್ಸಿ ಬದಲು ಯುನೈಟೆಡ್ ಇಳಿಯಬಹುದಿತ್ತು. ಉಳಿದ ಒಂದು ಜಾಗಕ್ಕೆ ಮತದಾನ. ಆರ್ಸೆನಲ್ 18, ಟಾಟೆನ್‌ಹ್ಯಾಮ್ 8. ಆರ್ಸೆನಲ್ ಇದ್ದಿದ್ದು ಎರಡನೇ ಡಿವಿಷನ್‌ನ ಐದನೇ ಸ್ಥಾನದಲ್ಲಿ! ಆರ್ಸೆನಲ್ ಅಧ್ಯಕ್ಷ ಹೆನ್ರಿ ನಾರಿಸ್ ರಾಜಕಾರಣಿ. ಲೀಗ್ ಅಧ್ಯಕ್ಷ ಜಾನ್ ಮೆಕೆನಾ ಬಹಿರಂಗವಾಗಿ ಆರ್ಸೆನಲ್ ಪರ ಮಾತಾಡಿದರು. ಲಂಚ ನಡೆಯಿತು ಅನ್ನುವುದಕ್ಕೆ ಸಾಕ್ಷಿ ಇಲ್ಲ. ಆವತ್ತು ಹತ್ತಿದ ಆರ್ಸೆನಲ್ ಮತ್ತೆ ಕೆಳಗೆ ಇಳಿದಿಲ್ಲ.

ಹೆಂಗಸರು ಆಡುತ್ತಿರಲಿಲ್ವಾ?

ಆಡುತ್ತಿದ್ದರು, ಜನ ಮುಗಿಬಿದ್ದು ನೋಡುತ್ತಿದ್ದರು. ಪ್ರೆಸ್ಟನ್ನಿನ ಕಾರ್ಖಾನೆಯೊಂದರ ಕೆಲಸಗಾರ್ತಿಯರ ತಂಡ ಡಿಕ್ ಕೆರ್ ಲೇಡೀಸ್. 1920ರ ಕ್ರಿಸ್‌ಮಸ್ ಮರುದಿನ ಅವರ ಪಂದ್ಯಕ್ಕೆ ಗುಡಿಸನ್ ಪಾರ್ಕ್‌ನಲ್ಲಿ ಸುಮಾರು 53 ಸಾವಿರ ಜನ. ಒಳಗೆ ಜಾಗ ಇಲ್ಲದೆ ವಾಪಸ್ ಹೋದವರು ಬೇರೆ. ಮರು ವರ್ಷ ಡಿಸೆಂಬರ್ 5ರಂದು ಅಸೋಸಿಯೇಷನ್ "ಈ ಆಟ ಹೆಂಗಸರಿಗೆ ತಕ್ಕದ್ದಲ್ಲ" ಅಂತ ಹೇಳಿ ತನ್ನ ಕ್ಲಬ್‌ಗಳ ಮೈದಾನ ಅವರಿಗೆ ಕೊಡಬಾರದು ಅಂದಿತು. ಐವತ್ತು ವರ್ಷ ಇತ್ತು ಆ ನಿಷೇಧ. ಗೇಟಿನ ದುಡ್ಡು ತಮ್ಮ ಕೈ ತಪ್ಪುತ್ತದೆ ಅನ್ನುವ ಹೊಟ್ಟೆಯುರಿ ಇದರಲ್ಲಿ ಇರಲಿಲ್ಲ ಅಂದರೆ ನಾನಂತೂ ನಂಬುವುದಿಲ್ಲ.

ಅದೇ ಹೊತ್ತಿಗೆ ನಮ್ಮಲ್ಲಿ?

ಆಟವನ್ನು ಇಲ್ಲಿಗೆ ತಂದವರಲ್ಲಿ ದಂಡಿನ ಸಿಪಾಯಿಗಳು ಮುಖ್ಯ. 1911ರ ಜುಲೈ 29ರಂದು ಕಲ್ಕತ್ತಾದಲ್ಲಿ ಮೋಹನ್ ಬಗಾನ್ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2–1ರಲ್ಲಿ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದಿತು. ಒಬ್ಬನನ್ನು ಬಿಟ್ಟು ಉಳಿದವರೆಲ್ಲ ಬರಿಗಾಲು. ಬೊಂಬಾಯಿಯ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ನಮ್ಮ ಬೆಂಗಳೂರ್ ಮುಸ್ಲಿಮ್ಸ್, 1937ರಲ್ಲಿ.

ಆ ಕಾಲದ ಪಂದ್ಯ ಈಗ ನೋಡಲು ಸಿಗುತ್ತಾ?

ಸಿಗುತ್ತದೆ! ಬ್ಲ್ಯಾಕ್‌ಬರ್ನ್‌ನ ಮಿಚೆಲ್ ಮತ್ತು ಕೆನ್ಯನ್ ಎಂಬ ಇಬ್ಬರು ಆಗ ಊರೂರಿಗೆ ಕ್ಯಾಮೆರಾ ಹೊತ್ತು ಹೋಗಿ ಪಂದ್ಯಗಳನ್ನು ಚಿತ್ರಿಸುತ್ತಿದ್ದರು. ಅವರ ರೀಲುಗಳು ಹಳೇ ಅಂಗಡಿಯ ನೆಲಮಾಳಿಗೆಯಲ್ಲಿ ಡಬ್ಬಿಗಳಲ್ಲಿ ಬಿದ್ದಿದ್ದವು, 1994ರಲ್ಲಿ ಸಿಕ್ಕವು. ಆಟಕ್ಕಿಂತ ಜಾಸ್ತಿ ಹೊತ್ತು ಕ್ಯಾಮೆರಾ ಜನರ ಮೇಲೇ ಇರುತ್ತದೆ. ತಮ್ಮ ಮುಖ ನೋಡಲು ಜನ ದುಡ್ಡು ಕೊಟ್ಟು ಬರುತ್ತಾರೆ ಅನ್ನುವುದು ಅವರ ಲೆಕ್ಕ. ಸಾಲು ಸಾಲು ಟೋಪಿ, ಮೀಸೆ. ಮುಂದಿನ ಸಾಲಿನ ಹುಡುಗರು ಕ್ಯಾಮೆರಾ ಕಂಡು ಕೈ ಬೀಸುತ್ತಾರೆ, ಹಲ್ಲು ಕಿಸಿಯುತ್ತಾರೆ.

1902ರ ಶೆಫೀಲ್ಡ್ ಯುನೈಟೆಡ್ ಮತ್ತು ಬರಿ ತಂಡಗಳ ಪಂದ್ಯವನ್ನು ಹುಡುಕಿ ನೋಡಿ. ಅದರಲ್ಲಿ ಗೋಲ್‌ಕೀಪರ್ ವಿಲಿಯಂ ಫೌಕ್ ಇದ್ದಾನೆ. ಆರಡಿ ಮೀರಿದ ಆಳು, ಕೊನೆ ಕೊನೆಗೆ 125 ಕಿಲೋ ದಾಟಿದ್ದ. ಚೆಲ್ಸಿಗೆ ಹೋದಾಗ ಅವನು ಇನ್ನೂ ದೊಡ್ಡದಾಗಿ ಕಾಣಲಿ ಅಂತ ಗೋಲಿನ ಹಿಂದೆ ಇಬ್ಬರು ಪುಟ್ಟ ಹುಡುಗರನ್ನು ನಿಲ್ಲಿಸುತ್ತಿದ್ದರಂತೆ. ಈ ರೀಲಿನಲ್ಲಿ ಆ ಹುಡುಗರಿಲ್ಲ. ಅವನೊಬ್ಬನೇ ನಿಂತಿದ್ದಾನೆ, ಗೋಲಿನ ಅರ್ಧ ಜಾಗ ಅವನೇ ತುಂಬಿಕೊಂಡಿದ್ದಾನೆ.